ನಮ್ಮ ಕಾರು ಬೊಂಬಾಯಿಯದ್ದಲ್ಲ

ಕಾರನ್ನು ಮಾರಿಬಿಡೋಣ ಎಂದು ನನ್ನ ಗಂಡ ಹೇಳಿದಾಗ ನಾನು ದೋಸೆ ಹೊಯ್ಯುತ್ತಿದ್ದೆ. ಆ ದೋಸೆ ಕಾವಲಿಯಲ್ಲೇ ಕರಟಿಹೋಯಿತು. ನನಗೆ ಸಿಟ್ಟು ಬಂದರೆ ಅದು ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ನಾಲ್ಕೂ ಮಹಡಿಗೆ ತಿಳಿಯುತ್ತದೆ. ಅಂದು ಮಾತ್ರ ಕರಟಿದ್ದನ್ನು ಕೆರೆದು ತೆಗೆದು ಇನ್ನೊಂದು ದೋಸೆ ಹೊಯ್ದೆ. ಅಷ್ಟು ಹೆದರಿದ್ದೆ.

ಆ ಕಾರು ನನಗೆ ಷೋಕಿಯಾಗಿರಲಿಲ್ಲ. ಮೂರು ವರ್ಷ ಮೊದಲು, ಬೆಳಗಿನ ಲೋಕಲ್ ಹತ್ತುವ ಗಡಿಬಿಡಿಯಲ್ಲಿ, ಡೊಂಬಿವಲಿ ಪ್ಲಾಟ್‌ಫಾರ್ಮಿನ ಮೇಲೆ ನಾನು ಬಿದ್ದಿದ್ದೆ. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಹೊರಗೆ. ಹಿಂದಿನಿಂದ ನೂಕಿದವರೂ ನನ್ನಂಥವರೇ, ಹಾಜರಿ ಪುಸ್ತಕಕ್ಕೆ ಹೆದರಿ ಓಡುವವರು. ಮೊಣಕಾಲಿಗೆ ಆಪರೇಷನ್ ಆಯಿತು. ಡಾಕ್ಟರು, ಕೂತು ಮಾಡುವ ಕೆಲಸ ಎಷ್ಟು ಬೇಕಾದರೂ ಮಾಡಿ, ಇನ್ನು ಈ ಜನ್ಮದಲ್ಲಿ ಗರ್ದಿಯಲ್ಲಿ ನಿಂತು ನೂಕಾಡಬೇಡಿ ಅಂದರು. ನನ್ನ ಆಫೀಸು ಇದ್ದದ್ದು ವಾಶಿಯಲ್ಲಿ. ಡೊಂಬಿವಲಿಯಿಂದ ಥಾಣೆಗೆ ಒಂದು ಗಾಡಿ, ಥಾಣೆಯಲ್ಲಿ ಸೇತುವೆ ಹತ್ತಿ ಇಳಿದು ವಾಶಿಗೆ ಇನ್ನೊಂದು. ನೂಕಾಡದೆ ಆ ದಾರಿಯಲ್ಲಿ ಹೋದವರನ್ನು ನಾನು ಕಂಡಿಲ್ಲ.

ಕೆಲಸಕ್ಕೆ ಎಳ್ಳು ನೀರು ಬಿಟ್ಟೆ ಎಂದೇ ತಿಳಿದಿದ್ದೆ. ಆಗ ನನ್ನ ಗಂಡನೇ ಎಲ್ಲಿಂದಲೋ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಹುಡುಕಿ ತಂದರು. ನಲವತ್ತೊಂದನೇ ವಯಸ್ಸಿನಲ್ಲಿ, ನನ್ನ ಮಗಳ ವಯಸ್ಸಿನವರ ಜೊತೆ ಡ್ರೈವಿಂಗ್ ಕ್ಲಾಸಿಗೆ ಸೇರಿ, ಮೂರು ಸಲ ಗಾಡಿಯನ್ನು ನಡು ರಸ್ತೆಯಲ್ಲಿ ಬಂದ್ ಮಾಡಿ, ಬಸ್ಸಿನವರ ಬೈಗುಳವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಕಲಿತೆ. ಶಿಳ್‌ಫಾಟಾ ದಾಟಿ, ಮಹಾಪೆಯ ಮೇಲಿಂದ ವಾಶಿಗೆ ಮೊದಲ ದಿನ ಒಬ್ಬಳೇ ಮುಟ್ಟಿದಾಗ ನನಗಾದ ಖುಷಿ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಗಂಡನಿಗೂ ಹೇಳಿದ್ದೇನೆ. ಹೀಗಾಗಿ ಕಾರಿದ್ದರೆ ಕೆಲಸ, ಕಾರಿಲ್ಲದಿದ್ದರೆ ಮನೆ ಎನ್ನುವಂತಾಗಿತ್ತು ನನ್ನ ಬದುಕು.

"ಇನ್ಶೂರೆನ್ಸ್ ರಿನ್ಯೂವಲಿಗೆ ಬಂದಿದೆ" ಅಂದರು ನನ್ನ ಗಂಡ. "ನೋಡು, ಎಷ್ಟು ಅಂತ."

ನೋಡಿದೆ. ಏಜೆಂಟರು ಕಳಿಸಿದ ಚೀಟಿಯಲ್ಲಿದ್ದ ಮೊತ್ತ ನನ್ನ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ ಇತ್ತು. ಹಿಂದಿನ ವರ್ಷ ಶಿಳ್‌ಫಾಟಾದ ಹತ್ತಿರ ಟೆಂಪೋ ಒಂದು ಎಡಗಡೆಯ ಬಾಗಿಲನ್ನು ಅಪ್ಪಚ್ಚಿ ಮಾಡಿತ್ತು, ಅದಕ್ಕೆ ಕ್ಲೇಮ್ ತೆಗೆದುಕೊಂಡಿದ್ದೆವು. ಒಮ್ಮೆ ಕ್ಲೇಮ್ ತೆಗೆದುಕೊಂಡರೆ, ಏನೂ ಕೇಳದೆ ಇದ್ದವರಿಗೆ ವರ್ಷ ವರ್ಷ ಸಿಗುವ ಬೋನಸ್ ಎಂಬ ರಿಯಾಯಿತಿ ಹೋಗುತ್ತದೆ. ಅದು ಹೋಗಿತ್ತು. ಅದೇ ಹೊತ್ತಿಗೆ, ವಿಠ್ಠಲವಾಡಿಯಲ್ಲಿ ನನ್ನ ಗಂಡ ಪಾಲುದಾರರಾಗಿದ್ದ ಸಣ್ಣ ಹೋಟೆಲಿನ ಜಾಗದ ಮಾಲಕರು ಡಿಪಾಸಿಟ್ ಹೆಚ್ಚಿಸಿ ಕೂತಿದ್ದರು. ಎರಡೂ ಒಟ್ಟಿಗೆ ಬಂದು ಅವರ ತಲೆ ಕೆಟ್ಟಿತ್ತು.

"ಹೋದ ವರ್ಷ ಕಟ್ಟಿದ್ದಕ್ಕಿಂತ ಒಂದು ಪೈಸೆ ಹೆಚ್ಚಾದ್ರೂ ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ. ಕಲ್ಯಾಣಿನಲ್ಲಿ ತೆಗೊಳ್ಳುವವರು ರೆಡಿ ಇದ್ದಾರೆ. ಪಾಲಿಸಿ ಮುಗೀಲಿಕ್ಕೆ ಇನ್ನು ಹತ್ತು ದಿನ ಉಂಟು. ಅಷ್ಟರೊಳಗೆ ಕೊಟ್ಟು ಕೈ ತೊಳ್ಕೊಳ್ಳುವ" ಅಂದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅವರಿಗೂ ಬೇಸರವಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಆಗ ಹೊಳೆಯಲಿಲ್ಲ.

ನಮ್ಮ ಇನ್ಶೂರೆನ್ಸ್ ಏಜೆಂಟರ ಬಗ್ಗೆ ಇಲ್ಲಿ ಹೇಳಬೇಕು. ಅವರು ನಮ್ಮವರೇ. ನನ್ನ ಗಂಡನ ಊರಿನ ಪಕ್ಕದ ಊರಿನವರು. ಕೋಪರಿಯಲ್ಲಿ ಒಂದು ಮೇಜು ಎರಡು ಕುರ್ಚಿಯ ಆಫೀಸು. ಉಡುಪಿ ಕಡೆಯ ಹೋಟೆಲಿನವರು, ಬ್ಯಾಂಕಿನವರು, ಕ್ಯಾಂಟೀನಿನವರು, ಎಲ್ಲರ ಪಾಲಿಸಿಯೂ ಅವರ ಹತ್ತಿರವೇ. ಭಾನುವಾರ ಬೆಳಿಗ್ಗೆ ಮನೆಗೆ ಬರುತ್ತಿದ್ದರು. ಬನ್ಸ್ ತಿಂದು, ಕಾಫಿ ಕುಡಿದು, ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಚೀಲದಿಂದ ಫಾರ್ಮು ತೆಗೆಯುತ್ತಿದ್ದರು. ಖಾಲಿ ಫಾರ್ಮು. ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಒಂದು ಗುಣಾಕಾರದ ಗುರುತು. ಅಲ್ಲಿ ಗೀಚಿದರೆ ಆಯಿತು, ಉಳಿದದ್ದನ್ನು ಅವರೇ ತುಂಬಿಸಿಕೊಳ್ಳುತ್ತಿದ್ದರು. ನಮ್ಮವರು ತಂದ ಕಾಗದವನ್ನು ಅವರೆದುರೇ ಓದುವುದೆಂದರೆ ನಮ್ಮಲ್ಲಿ ಅದು ಬಡಿಸಿದ ಊಟವನ್ನು ಮೂಸಿ ನೋಡಿದ ಹಾಗೆ. ಯಾರೂ ಓದುತ್ತಿರಲಿಲ್ಲ. ನಾವೂ ಓದಿರಲಿಲ್ಲ.

ಆ ಭಾನುವಾರವೂ ಬಂದರು. ನನ್ನ ಗಂಡ ತಮ್ಮ ಕಷ್ಟ ತೋಡಿಕೊಂಡರು. ಏಜೆಂಟರು ನಕ್ಕು, "ಅದಕ್ಕೆ ಕಾರು ಮಾರುವುದಾ? ದಾರಿ ಉಂಟು ಮಾರಾಯ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅತ್ತಿಗೆ, ಈ ವರ್ಷ ಕಂಪೆನಿಯನ್ನೇ ಚೇಂಜ್ ಮಾಡುವ. ಹೊಸ ಕಂಪೆನಿಯ ಫಾರ್ಮಿನಲ್ಲಿ ಹೋದ ವರ್ಷ ಕ್ಲೇಮ್ ಆಗಿಲ್ಲ ಅಂತ ಬರೆಯುವ. ಬೋನಸ್ ವಾಪಾಸು ಬರ್ತದೆ."

"ಕ್ಲೇಮ್ ಆಗಿದೆಯಲ್ಲ ಭಾವ" ಅಂದೆ.

"ಆಗಿದೆ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗ್ಬೇಕು? ಎಲ್ರೂ ಮಾಡೂದೇ ಅದು."

ನನ್ನ ಗಂಡನ ಮುಖ ಅರಳಿತು. ಅವರು ಪೆನ್ನಿನ ಮುಚ್ಚಳ ತೆಗೆದೇಬಿಟ್ಟರು. ನಾನು ಕೈಯ ಬನ್ಸ್ ತಟ್ಟೆಯನ್ನು ಕುಕ್ಕಿ, ಫಾರ್ಮನ್ನು ಅವರ ಕೈಯಿಂದ ಕಿತ್ತುಕೊಂಡೆ.

ಇದು ದೊಡ್ಡ ಸತ್ಯಸಂಧತೆ ಎಂದು ಯಾರೂ ತಿಳಿಯಬಾರದು. ಬಸ್ಸಿನಲ್ಲಿ ಮಗಳಿಗೆ ಆರು ವರ್ಷವಾದ ಮೇಲೂ ಐದು ಅಂತ ಹೇಳಿ ಅರ್ಧ ಟಿಕೆಟ್ ತೆಗೆದವಳು ನಾನು. ಆದರೆ ನನ್ನ ಅನ್ನದ ಕೆಲಸವೇ ಡಿಕ್ಲರೇಷನ್ನಿನದು. ಬಂದರಿಗೆ ಬರುವ ಕಂಟೇನರುಗಳಲ್ಲಿ ಏನಿದೆ, ಎಷ್ಟಿದೆ, ಎಲ್ಲಿಂದ ಬಂತು ಎಂದು ಕಸ್ಟಮ್ಸಿಗೆ ಬರೆದುಕೊಡುವ ಕ್ಲಿಯರಿಂಗ್ ಆಫೀಸಿನಲ್ಲಿ ನಾನು ವರ್ಷಗಟ್ಟಲೆ ಕೂತು ಟೈಪು ಮಾಡಿದವಳು. ಒಂದು ಸಾಲು ಸುಳ್ಳಾದರೆ ಇಡೀ ಕಂಟೇನರು ಬಿಸಿಲಿನಲ್ಲಿ ತಿಂಗಳುಗಟ್ಟಲೆ ಕೂರುವುದನ್ನು ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ ಬರೆಸಿದವರು ಎಲ್ಲಿಯೂ ಕಾಣಿಸುವುದಿಲ್ಲ, ಬರೆದವರೂ ಕಾಣಿಸುವುದಿಲ್ಲ. ಕೆಳಗೆ ಸಹಿ ಹಾಕಿದ ಮನುಷ್ಯ ಒಬ್ಬನೇ ಅಳುತ್ತಾ ನಮ್ಮ ಬೆಂಚಿನ ಮೇಲೆ ಕೂತಿರುತ್ತಾನೆ. ನನ್ನ ಗಂಡ ಆ ಬೆಂಚಿನ ಮೇಲೆ ಕೂರುವುದು ನನಗೆ ಬೇಡವಾಗಿತ್ತು. ನಾಳೆ ನಾನು ಯಾರಿಗಾದರೂ ಗುದ್ದಿದರೆ, ಆ ಒಂದು ಸಾಲಿನ ದೆಸೆಯಿಂದ ಕಂಪೆನಿ ಕೈ ಎತ್ತಿದರೆ?

"ಭಾವ, ಖಾಲಿ ಫಾರ್ಮಿಗೆ ಇನ್ನು ಈ ಮನೆಯಲ್ಲಿ ಸಹಿ ಬೀಳುವುದಿಲ್ಲ" ಅಂದೆ. "ಇಷ್ಟು ವರ್ಷ ನೀವು ತುಂಬಿಸಿದ್ದರ ಕಾಪಿ ನನಗೆ ಬೇಕು."

ಏಜೆಂಟರು ಎದ್ದು ನಿಂತರು. "ನಮ್ಮವರ ಮೇಲೇ ಡೌಟಾ ಅತ್ತಿಗೆ?"

"ನಿಮ್ಮ ಮೇಲೆ ಅಲ್ಲ. ಫಾರ್ಮಿನ ಮೇಲೆ."

ಅವರು ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಅರ್ಧ ಲೋಟ ಕಾಫಿ ಹಾಗೇ ಉಳಿಯಿತು. ನನ್ನ ಗಂಡ ಬಾಗಿಲು ಹಾಕಿ ಬಂದು, "ನಿನ್ನ ಸತ್ಯಕ್ಕೆ ನಾನು ದುಡ್ಡು ಎಲ್ಲಿಂದ ತರ್ಲಿ? ಅವನಾದ್ರೂ ಒಂದು ದಾರಿ ತೋರಿಸಿದ್ದ. ಈಗ ಕಾರು ಮಾರುವುದೇ ಸೈ" ಅಂದರು. ನಾನೂ ಸುಮ್ಮನಿರಲಿಲ್ಲ. "ಇನ್ನೂ ದಿನ ಉಂಟಲ್ಲ, ನಾನು ಕಮ್ಮಿ ಮಾಡಿಸ್ತೇನೆ. ಒಂದು ಸುಳ್ಳೂ ಹೇಳದೆ ಮಾಡಿಸ್ತೇನೆ. ಆಗದಿದ್ರೆ ನಾನೇ ಕೀ ತೆಗೆದುಕೊಂಡು ಹೋಗಿ ಅವರಿಗೆ ಕೊಟ್ಟು ಬರ್ತೇನೆ" ಅಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ ಮಾತು. ಹೇಗೆ ಮಾಡಿಸುವುದೆಂದು ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ.

ಮಂಗಳವಾರ ಅರ್ಧ ದಿನ ರಜೆ ಹಾಕಿದೆ. ಕಾರಿನ ಆರ್‌ಸಿ ಪುಸ್ತಕ, ಹಳೆಯ ಪಾಲಿಸಿ, ಕಾರು ಗಂಡನ ಹೆಸರಿನಲ್ಲಿದ್ದದ್ದರಿಂದ ಅವರಿಂದ ಬೈಸಿಕೊಂಡು ಬರೆಸಿದ ಒಪ್ಪಿಗೆಯ ಚೀಟಿ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೋಲ್ಡರಿಗೆ ತುಂಬಿ ಇನ್ಶೂರೆನ್ಸ್ ಕಂಪೆನಿಯ ಥಾಣೆಯ ಬ್ರಾಂಚ್ ಆಫೀಸಿಗೆ ಹೋದೆ. ಅಲ್ಲಿ ಮೇಜಿನ ಹಿಂದೆ ಕೂತಿದ್ದವಳು ಮರಾಠಿ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳಿರಬೇಕು, ಎಲ್ಲದರಲ್ಲೂ ಉತ್ಸಾಹ. ಏಜೆಂಟರಿಲ್ಲದೆ ಬಂದವಳೆಂದು ನನ್ನನ್ನು ಒಂದು ಕ್ಷಣ ವಿಚಿತ್ರವಾಗಿ ನೋಡಿದಳು. ಆಮೇಲೆ ಹಿಂದಿನ ಕೋಣೆಗೆ ಹೋಗಿ, ದಾರ ಕಟ್ಟಿದ ನಮ್ಮ ಫೈಲನ್ನು ಹುಡುಕಿ ತಂದಳು. ನಾವು ಕಣ್ಣಾರೆ ನೋಡದ ನಮ್ಮದೇ ಫಾರ್ಮುಗಳು ಅದರಲ್ಲಿದ್ದವು.

ಅವಳು ಆರ್‌ಸಿ ಪುಸ್ತಕ ನೋಡಿದಳು, ಫಾರ್ಮು ನೋಡಿದಳು, ಮತ್ತೆ ಪುಸ್ತಕ ನೋಡಿದಳು. "ಮ್ಯಾಡಮ್, ನೀವಿರುವುದು ಎಲ್ಲಿ?" ಎಂದು ಮರಾಠಿಯಲ್ಲೇ ಕೇಳಿದಳು.

"ಡೊಂಬಿವಲಿಯಲ್ಲಿ."

"ಕಾರು ನಿಲ್ಲುವುದು?"

"ಅಲ್ಲೇ. ಬಿಲ್ಡಿಂಗಿನ ಕೆಳಗೆ."

"ರಿಜಿಸ್ಟರ್ ಆದದ್ದೂ ಕಲ್ಯಾಣಿನಲ್ಲಿ. ಹಾಗಾದರೆ ಇದು ಯಾರ ಅಡ್ರೆಸ್?" ಎಂದು ಫಾರ್ಮನ್ನು ನನ್ನ ಕಡೆ ತಿರುಗಿಸಿದಳು.

ನನ್ನ ಗಂಡ ಹದಿನೇಳನೇ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಕೆಲಸಕ್ಕೆ ಸೇರಿದ, ಮುಂಬಯಿಯ ಕೋಟೆ ಭಾಗದ ಹೋಟೆಲಿನ ವಿಳಾಸ ಅಲ್ಲಿತ್ತು. ಹಗಲು ಅಲ್ಲೇ ಬಡಿಸಿ, ರಾತ್ರಿ ಅಲ್ಲೇ ಮೇಜು ಜೋಡಿಸಿ ಮಲಗಿದವರು ಅವರು. ನಮ್ಮ ಕಡೆಯ ಹೋಟೆಲಿನ ಗಂಡಸರಿಗೆಲ್ಲ ಇದೊಂದು ರೂಢಿ. ಮನೆಯಿಲ್ಲದ ಕಾಲದಲ್ಲಿ ಹೋಟೆಲೇ ಮನೆ, ಹೋಟೆಲೇ ವಿಳಾಸ. ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಊರಿನಿಂದ ಬರುವ ಕಾಗದ, ಎಲ್ಲ ಆ ಗಲ್ಲಾಪೆಟ್ಟಿಗೆಗೇ ಬರುವುದು. ಆಮೇಲೆ ಮದುವೆಯಾಗಿ, ಉಪನಗರಕ್ಕೆ ಬಂದು, ಸ್ವಂತ ಬಾಗಿಲಿಗೆ ಹೆಸರಿನ ಹಲಗೆ ಹಾಕಿದ ಮೇಲೂ ಹಳೆಯ ವಿಳಾಸ ಬಿಡುವುದಿಲ್ಲ. ಏಜೆಂಟರು ಹಳೆಯ ಜೀವವಿಮೆಯ ಪಾಲಿಸಿಯಿಂದ ಅದನ್ನು ಹಾಗೇ ಇಳಿಸಿದ್ದರು. ಕಂಪೆನಿಯಿಂದ ನಮಗೆ ಒಂದು ಕಾಗದವೂ ಏಕೆ ಬಂದಿಲ್ಲ ಎಂಬುದು ಆಗ ಗೊತ್ತಾಯಿತು. ಎಲ್ಲವೂ ಮುಚ್ಚಿಹೋದ ಒಂದು ಹೋಟೆಲಿನ ಬಾಗಿಲಡಿ ತೂರಿದ್ದವು.

"ಇದರಿಂದ ಏನಾಯಿತು?" ಅಂದೆ.

"ಮ್ಯಾಡಮ್, ದೊಡ್ಡ ಶಹರಗಳ ಗಾಡಿಗೆ ದರ ಹೆಚ್ಚು. ನಿಮ್ಮ ಗಾಡಿಗೆ ಮುಂಬಯಿಯ ದರ ಹಾಕಿದ್ದಾರೆ. ಕಲ್ಯಾಣಿನಲ್ಲಿ ರಿಜಿಸ್ಟರ್ ಆದ ಗಾಡಿಗೆ ಅದಕ್ಕಿಂತ ಕಡಿಮೆ." ಆಮೇಲೆ ನಗು ತಡೆಯಲಾರದೆ, "ತುಮ್ಹೀ ಮುಂಬಯಿಚೇ ನಾಹೀಚ" ಅಂದಳು. ನೀವು ಮುಂಬಯಿಯವರೇ ಅಲ್ಲ.

ನನಗೆ ಮೊದಲು ಅವಮಾನವಾಯಿತು, ನಿಜ ಹೇಳುತ್ತೇನೆ. ಊರಿಗೆ ಹೋದಾಗಲೆಲ್ಲ "ಬೊಂಬಾಯಿಯವರು ಬಂದ್ರು" ಎಂದು ನಮ್ಮನ್ನು ಕರೆಯುತ್ತಾರೆ. ಅಲ್ಲ ಮಾರಾಯ್ರೇ, ನಾವಿರುವುದು ಡೊಂಬಿವಲಿ, ಮುಂಬಯಿಗೆ ಹೋಗಬೇಕಾದರೆ ನಾವೂ ಗಾಡಿ ಹತ್ತಬೇಕು ಎಂದು ನಾವು ಯಾವತ್ತೂ ಹೇಳಿದವರಲ್ಲ. ಆ ಹೆಸರಿನಲ್ಲಿ ಒಂದು ಜಂಬವಿತ್ತು. ಏಜೆಂಟರು ಕೇಳಿದಾಗಲೂ ನನ್ನ ಗಂಡ ಅದನ್ನೇ ಹೇಳಿರಬೇಕು, ಅಥವಾ ಅವರು ಕೇಳಿಯೇ ಇರಲಿಕ್ಕಿಲ್ಲ. ಅವಮಾನದ ಹಿಂದೆಯೇ ನಗು ಬಂತು. ನಾವು ಎರಡು ವರ್ಷ ಒಂದು ಸುಳ್ಳು ಹೇಳಿದ್ದೆವು, ಅದೂ ನಮಗೇ ನಷ್ಟವಾಗುವಂಥ ಸುಳ್ಳು! ನಾನು ಆ ಮೇಜಿನ ಎದುರು ಕೂತು ಜೋರಾಗಿ ನಕ್ಕೆ. ಅವಳೂ ನಕ್ಕಳು.

ಆಮೇಲೆ ನನಗೆ ಹುಮ್ಮಸ್ಸು ಬಂತು. "ಒಂದೊಂದೇ ಸಾಲು ಓದು ಮಗಾ. ಸರಿ ಇಲ್ಲದ್ದನ್ನೆಲ್ಲ ಸರಿ ಮಾಡುವ" ಅಂದೆ. ಅವಳು ಓದಿದಳು. ಕಾರಿನಲ್ಲಿ ಬೆಲೆಬಾಳುವ ಮ್ಯೂಸಿಕ್ ಸಿಸ್ಟಮ್ ಇದೆಯೆಂದು ಬೇರೆಯಾಗಿ ವಿಮೆ ಕಟ್ಟಿಸಿದ್ದರು. ಅದನ್ನು ಕಲ್ಯಾಣ್ ಸ್ಟೇಷನ್ನಿನ ಹೊರಗೆ ಯಾರೋ ಕಿತ್ತುಕೊಂಡು ಹೋಗಿ ವರ್ಷದ ಮೇಲಾಗಿತ್ತು. ಅದರ ಜಾಗದಲ್ಲಿ ನಾನು ನಾಣ್ಯ ಮತ್ತು ಶೇಂಗಾ ಚಿಕ್ಕಿ ಇಡುತ್ತಿದ್ದೆ. ತೆಗಿ ಅಂದೆ, ತೆಗೆದಳು. ಸಣ್ಣಪುಟ್ಟ ಡ್ಯಾಮೇಜಿನ ಮೊದಲ ಒಂದಿಷ್ಟು ಮೊತ್ತವನ್ನು ನಾನೇ ಭರಿಸುತ್ತೇನೆಂದು ಬರೆದುಕೊಟ್ಟರೆ ಇನ್ನೂ ಇಳಿಯುತ್ತದೆ ಎಂದಳು. ಗೀರು, ತಗ್ಗುಗಳಿಗೆ ನಾನು ಹೆದರುವವಳಲ್ಲ, ಬರೆ ಅಂದೆ.

ಹೋದ ವರ್ಷದ ಕ್ಲೇಮನ್ನು ನಾನೇ ಬಾಯಿಬಿಟ್ಟು ಹೇಳಿದೆ. ಅವಳ ಫೈಲಿನಲ್ಲಿ ಅದು ಇದ್ದೇ ಇತ್ತು. ಬೋನಸ್ ಇಲ್ಲ, ಸೊನ್ನೆಯಿಂದ ಶುರು ಎಂದಳು. ಸರಿ ಎಂದೆ.

ಕೊನೆಗೆ ಒಂದು ಪ್ರಶ್ನೆ ಉಳಿದಿತ್ತು. "ಗಾಡಿ ಖಾಸಗಿ ಉಪಯೋಗಕ್ಕೆ ಮಾತ್ರ, ಅಲ್ಲವೇ?"

ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಪ್ರತಿ ಭಾನುವಾರ ನನ್ನ ಗಂಡ ಅದೇ ಕಾರಿನಲ್ಲಿ ವಾಶಿಯ ಮಾರ್ಕೆಟ್ಟಿನಿಂದ ಹೋಟೆಲಿಗೆ ಈರುಳ್ಳಿ ಮೂಟೆ, ತೆಂಗಿನಕಾಯಿ, ಬಾಳೆ ಎಲೆಯ ಕಟ್ಟು ಸಾಗಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಟರೆ ಸೀರೆಯೆಲ್ಲ ಈರುಳ್ಳಿಯ ವಾಸನೆ. ಇಷ್ಟು ಹೊತ್ತು ನಿಜ ಹೇಳಿದ್ದರಿಂದ ಲಾಭವಾಗಿತ್ತು, ಇಲ್ಲಿ ಹೇಳಿದರೆ ನಷ್ಟ. ಆಗ ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ಲಾಭವಿರುವಲ್ಲಿ ಮಾತ್ರ ಸತ್ಯವಂತೆಯಾಗಲು ಇಷ್ಟು ದೂರ ಬರಬೇಕಿತ್ತೇ? ಹೇಳಿದೆ.

ಅವಳು ಪೆನ್ನು ಕೆಳಗಿಟ್ಟಳು. ಖಾಸಗಿ ಪಾಲಿಸಿಯಲ್ಲಿ ವ್ಯಾಪಾರದ ಮಾಲು ಸಾಗಿಸುವಂತಿಲ್ಲ, ಆ ಹೊತ್ತಿನಲ್ಲಿ ಏನಾದರೂ ಆದರೆ ಒಂದು ರೂಪಾಯಿಯೂ ಸಿಗುವ ಖಾತ್ರಿಯಿಲ್ಲ ಎಂದಳು. ಮಾಲು ಹಾಕುವುದನ್ನು ನಿಲ್ಲಿಸಿದರೆ ಮಾತ್ರ ಈ ಪಾಲಿಸಿ ನಿಮಗೆ ಸರಿ ಎಂದು ಕಡ್ಡಿ ಮುರಿದಂತೆ ಹೇಳಿದಳು. ಇನ್ನೂ ಗಲ್ಲ ತುಂಬಿದ ಆ ಹುಡುಗಿ ನನ್ನ ಮುಲಾಜು ನೋಡದೆ ಹಾಗೆ ಹೇಳಿದ್ದು ನನಗೆ ಇಷ್ಟವಾಯಿತು. "ನಿಲ್ಲಿಸುತ್ತೇವೆ" ಅಂದೆ. ಗಂಡನನ್ನು ಕೇಳದೆ ಗಂಡನ ಪರವಾಗಿ ಮಾತು ಕೊಟ್ಟದ್ದು ಅದೇ ಮೊದಲಲ್ಲ.

ಅವಳು ಹೊಸ ಲೆಕ್ಕ ಮಾಡಿ ಕಾಗದ ಕೊಟ್ಟಳು. ಬೋನಸ್ ಇಲ್ಲದೆಯೂ, ಹಿಂದಿನ ವರ್ಷ ಬೋನಸ್ ಸಹಿತ ಕಟ್ಟಿದ್ದಕ್ಕಿಂತ ಕಡಿಮೆ! ನಾನು ಆ ಕಾಗದವನ್ನು ಮೂರು ಸಲ ಓದಿದೆ. ಹೊರಗೆ ಬಂದು, ಥಾಣೆಯ ರಸ್ತೆಯ ಬದಿಯಲ್ಲಿ ನಿಂತು ಎರಡು ವಡಾಪಾವ್ ತಿಂದೆ. ಹಸಿಮೆಣಸು ಕಚ್ಚಿ ಕಣ್ಣಲ್ಲಿ ನೀರು ಬಂತು, ಸ್ವಲ್ಪ ಮೆಣಸಿನದ್ದು, ಉಳಿದದ್ದು ನನ್ನದೇ. ಡೊಂಬಿವಲಿ ಮುಟ್ಟುವವರೆಗೂ ಕಾರಿನಲ್ಲಿ ಒಬ್ಬಳೇ ಹಾಡಿಕೊಂಡು ಬಂದೆ, ಸಿಗ್ನಲಿನಲ್ಲಿ ಪಕ್ಕದ ರಿಕ್ಷಾದವ ನೋಡಿದರೂ ನಿಲ್ಲಿಸಲಿಲ್ಲ.

ಮನೆಯಲ್ಲಿ ನನ್ನ ಗಂಡ ಕಾಗದ ನೋಡಿ ಬಾಯಿ ತೆರೆದರು. ಹಳೆಯ ವಿಳಾಸದ ಕತೆ ಕೇಳಿ, "ಆ ಹೋಟೆಲು ಮುಚ್ಚಿ ಎಷ್ಟು ಕಾಲ ಆಯ್ತು" ಎಂದು ಊಟದ ಮೇಜಿನ ಮೇಲೆ ಕೈಯಾಡಿಸಿದರು. ಅವರ ಹದಿಹರೆಯ ಅಲ್ಲಿ ಮೇಜಿನ ಮೇಲೆ ಕಳೆದಿತ್ತಲ್ಲ. ಅಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಈರುಳ್ಳಿಯ ಮಾತು ತೆಗೆದದ್ದೇ ತಡ, ಸಿಡಿದರು.

"ಈರುಳ್ಳಿ ಹಾಕ್ಲಿಕ್ಕಿಲ್ಲ ಅಂದ್ರೆ ಕಾರು ಇರುವುದು ಎಂತಕ್ಕೆ?"

"ನನ್ನನ್ನು ವಾಶಿಗೆ ಮುಟ್ಟಿಸ್ಲಿಕ್ಕೆ" ಅಂದೆ. "ನಾನೇನು ಈರುಳ್ಳಿಗಿಂತ ಕಡೆಯಾ?"

ಮೂರು ದಿನ ಮುಖ ಊದಿಸಿಕೊಂಡಿದ್ದರು. ನಾನೂ ಊದಿಸಿಕೊಂಡೆ, ಅದರಲ್ಲಿ ಅವರಿಗಿಂತ ನನಗೆ ಅಭ್ಯಾಸ ಹೆಚ್ಚು. ನಾಲ್ಕನೆಯ ದಿನ ಅವರೇ, ವಿಠ್ಠಲವಾಡಿಯ ಪಕ್ಕದ ಹೋಟೆಲಿನವರ ಜೊತೆ ಸೇರಿ ವಾರಕ್ಕೊಮ್ಮೆ ಟೆಂಪೋ ಮಾತಾಡಿ ಬಂದೆ ಎಂದರು. ಬಾಡಿಗೆ ಅರ್ಧ ಅರ್ಧ. ಅಂದಿನಿಂದ ಭಾನುವಾರ ಬೆಳಿಗ್ಗೆ ಅವರಿಗೂ ಒಂದು ಗಂಟೆ ಹೆಚ್ಚು ನಿದ್ದೆ ಸಿಕ್ಕಿತು ಎಂಬುದನ್ನು ಅವರು ಈಗಲೂ ಒಪ್ಪುವುದಿಲ್ಲ.

ಪಾಲಿಸಿ ಮುಗಿಯುವ ಹಿಂದಿನ ದಿನ ಅವರು ಫಾರ್ಮಿಗೆ ಸಹಿ ಹಾಕಿದರು. ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಗೊತ್ತಾಗದ ಕಡೆ ನನ್ನನ್ನು ಕೇಳಿ, ಆಮೇಲೆ ಹಾಕಿದರು. ಒಂದು ಫಾರ್ಮನ್ನು ಅವರು ಪೂರ್ತಿ ಓದಿದ್ದು ನಾನು ಕಂಡಂತೆ ಅದೇ ಮೊದಲು. ಕಾರು ಉಳಿಯಿತು. ಸೋಮವಾರ ನಾನು ಈರುಳ್ಳಿಯ ವಾಸನೆಯಿಲ್ಲದ ಸೀರೆಯಲ್ಲಿ ವಾಶಿಗೆ ಹೋದೆ.

ಸುದ್ದಿ ನಮ್ಮವರ ನಡುವೆ ಹಬ್ಬಲು ತಡವಾಗಲಿಲ್ಲ. ನವರಾತ್ರಿಯ ಪೂಜೆಗೆ ಸಂಘದ ಹಾಲಿನಲ್ಲಿ ಸೇರಿದಾಗ ಹೆಂಗಸರು ಒಬ್ಬೊಬ್ಬರಾಗಿ ನನ್ನ ಪಕ್ಕ ಬಂದು ಕೂತರು. "ನಮ್ಮದೂ ಒಮ್ಮೆ ನೋಡಿ ಕೊಡ್ತೀರಾ ಅಕ್ಕಾ?" ಎಂದು ಪರ್ಸಿನಿಂದ ಮಡಚಿದ ಪಾಲಿಸಿ ತೆಗೆಯುವವರು, ಫೋಟೋಕಾಪಿ ಹಿಡಿದು ಮನೆಗೇ ಬರುವವರು. ಅರ್ಧಕ್ಕರ್ಧ ಜನ ಕಾಗದದ ಮೇಲೆ ಬೊಂಬಾಯಿಯವರೇ! ಕಲ್ಯಾಣಿನವರು, ಉಲ್ಹಾಸನಗರದವರು, ಎಲ್ಲರೂ ಗಂಡ ಮೊದಲು ದುಡಿದ ಹೋಟೆಲಿನ ವಿಳಾಸದಲ್ಲೇ ಇದ್ದರು. ಕೆಲವರಿಗೆ ನಿಜ ಬರೆದಾಗ ಇಳಿಯಿತು, ಒಬ್ಬಿಬ್ಬರಿಗೆ ಏರಿತು. ಏರಿದವರು ನನ್ನ ಬೆನ್ನ ಹಿಂದೆ ಬೈದರಂತೆ. ಬೈಯಲಿ.

ಏಜೆಂಟರು ಒಂದು ವರ್ಷ ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ. ಮರು ವರ್ಷ ಒಂದು ಭಾನುವಾರ ಬಾಗಿಲು ತಟ್ಟಿದರು. ಚೀಲದಿಂದ ನನ್ನ ಗಂಡನ ಜೀವವಿಮೆಯ ಯಾವುದೋ ಫಾರ್ಮು ತೆಗೆದರು. ತುಂಬಿಸಿದ ಫಾರ್ಮು, ಅಕ್ಷರ ದುಂಡಗೆ. "ಓದಿ ನೋಡಿ ಅತ್ತಿಗೆ, ಮತ್ತೆ ಸೈನ್ ಹಾಕಿಸಿ" ಅಂದರು. ನಾನು ಪೂರ್ತಿ ಓದಿದೆ, ಎರಡು ತಪ್ಪೂ ತೋರಿಸಿದೆ. ಅವರು ತಿದ್ದಿಕೊಂಡರು. ಆ ದಿನ ನಾನು ಅವರಿಗೆ ಬನ್ಸ್ ಜಾಸ್ತಿಯೇ ಬಡಿಸಿದೆ.

ಅಲ್ಲಿಂದ ಮುಂದೆ ಪ್ರೀಮಿಯಮ್ ಇಳಿಸುವುದು ನನಗೆ ಆಟವೇ ಆಗಿಹೋಯಿತು. ಕ್ಲೇಮ್ ಕೇಳದ ಒಂದೊಂದು ವರ್ಷಕ್ಕೂ ಬೋನಸ್ ಏರುತ್ತ ಹೋಗುತ್ತದೆ, ಐದು ವರ್ಷ ದಾಟಿದರೆ ಗಾಡಿಯ ಸ್ವಂತ ಹಾನಿಯ ಭಾಗದಲ್ಲಿ ಅರ್ಧ ರಿಯಾಯಿತಿ. ನಾನು ಆ ಅರ್ಧದ ಮೇಲೆ ಕಣ್ಣಿಟ್ಟೆ. ಮಾನಪಾಡಾ ರಸ್ತೆಯಲ್ಲಿ ರಿಕ್ಷಾ ಉಜ್ಜಿದಾಗ ಗ್ಯಾರೇಜಿನವನಿಗೆ ನಾನೇ ಕೊಟ್ಟೆ. ಮಹಾಪೆಯಲ್ಲಿ ಬೈಕಿನವನು ಕನ್ನಡಿ ಹಾರಿಸಿದಾಗಲೂ ನಾನೇ ಕೊಟ್ಟೆ. ಕೆಲವನ್ನು ಸರಿ ಮಾಡಿಸಲೇ ಇಲ್ಲ. ಕಾರಿನ ಮೈ ಹಲಸಿನ ಹಣ್ಣಿನ ಹಾಗಾಯಿತು, ಆಫೀಸಿನ ಹುಡುಗರು ನಕ್ಕರು, ನಾನು ಪ್ರತಿ ವರ್ಷ ರಿನ್ಯೂವಲ್ ಕಾಗದವನ್ನು ಅವರಿಗೆ ತೋರಿಸಿ ನಕ್ಕೆ. ಯಾರಿಗೂ ಗುದ್ದದಂತೆ, ಅಂತರ ಬಿಟ್ಟು, ಶಿಳ್‌ಫಾಟಾದ ಟ್ರಕ್ಕುಗಳ ನಡುವೆ ಮೈಯೆಲ್ಲ ಕಣ್ಣಾಗಿ ಓಡಿಸಿದೆ. ಐದನೇ ವರ್ಷ ಕಾಗದದಲ್ಲಿ ಅರ್ಧ ಬಂದಾಗ ಇಡೀ ಬಿಲ್ಡಿಂಗಿಗೆ ಪಾಯಸ ಹಂಚಿದೆ. ಕಾರಣ ಕೇಳಿದವರಿಗೆ ಹೇಳಿದೆ, ಅವರಿಗೆ ಅರ್ಥವಾಗಲಿಲ್ಲ, ಪಾಯಸ ಮಾತ್ರ ತಿಂದರು.

ಆಮೇಲೆ ಆ ಕಾರಿಗೆ ವಯಸ್ಸಾಯಿತು. ನನ್ನ ಸಂಬಳದಲ್ಲಿ ಉಳಿಸಿದ್ದರಿಂದ ಹೊಸದೊಂದನ್ನು ತೆಗೆದುಕೊಳ್ಳಲು ನಾವಿಬ್ಬರೂ ಘೋಡಬಂದರ್ ರಸ್ತೆಯ ಒಂದು ಶೋರೂಮಿಗೆ ಹೋದೆವು. ಎಲ್ಲ ಮುಗಿದು ಇನ್ಶೂರೆನ್ಸಿನ ಮೇಜಿಗೆ ಬಂದಾಗ ಅಲ್ಲಿದ್ದವನು ಒಂದು ಒಳ್ಳೆಯ ಸುದ್ದಿ ಹೇಳಿದ. ಬೋನಸ್ ಗಾಡಿಯದ್ದಲ್ಲ, ಮಾಲಕರದ್ದು. ಹಳೆಯ ಕಾರು ಮಾರಿದರೂ ಅದೇ ಹೆಸರಿನಲ್ಲಿ ಹೊಸ ಕಾರು ತೆಗೆದುಕೊಂಡರೆ ಅರ್ಧ ರಿಯಾಯಿತಿ ಹಾಗೇ ಬರುತ್ತದೆ. ಹೊಸ ಕಾರಿನ ಪ್ರೀಮಿಯಮ್ಮಿನಲ್ಲಿ ಅದು ಸಣ್ಣ ಮೊತ್ತವಲ್ಲ.

ಆ ಹೆಸರು ನನ್ನ ಗಂಡನದ್ದು. ಹಳೆಯ ಕಾರಿನ ಪುಸ್ತಕ, ಪಾಲಿಸಿ, ಬೋನಸ್, ಎಲ್ಲ ಅವರ ಹೆಸರಿನಲ್ಲಿತ್ತು. ನನಗೆ ಯೋಚನೆಯೇ ಬೇಕಾಗಲಿಲ್ಲ. "ಇವರ ಹೆಸರಿಗೇ ಬರೆಯಿರಿ" ಎಂದೆ. ಇಷ್ಟು ವರ್ಷ ಕಾಪಾಡಿದ ಅರ್ಧವನ್ನು ಬಿಡುವ ಹೆಣ್ಣಲ್ಲ ನಾನು.

ನನ್ನ ಗಂಡ ಫಾರ್ಮನ್ನು ತಮ್ಮ ಕಡೆ ಎಳೆದುಕೊಂಡರು. ಬೆರಳಿಟ್ಟು ಓದಿದರು. ಮಾಲಕರ ಹೆಸರು ಎಂಬ ಸಾಲಿಗೆ ಬಂದು ಬೆರಳು ನಿಂತಿತು.

"ದುಡ್ಡು ಯಾರದ್ದು?" ಎಂದು ನನ್ನನ್ನು ಕೇಳಿದರು.

"ನನ್ನದು. ಅದಕ್ಕೆಂತ ಈಗ?"

"ಓಡಿಸುವುದು ಯಾರು?"

"ನಾನು."

"ಮತ್ತೆ ಇಲ್ಲಿ ನನ್ನ ಹೆಸರು ಬರೆದ್ರೆ ಅದು ಸುಳ್ಳಲ್ವಾ ಮಾರಾಯ್ತಿ?"

"ಬೋನಸ್ ಹೋಗ್ತದೆ" ಅಂದೆ. "ಸೊನ್ನೆಯಿಂದ ಶುರು ಮಾಡ್ಬೇಕಾಗ್ತದೆ."

"ಹೋಗ್ಲಿ ಬಿಡು. ಒಮ್ಮೆ ನನ್ನ ಹೆಸರಿಗೆ ಅರ್ಧ ಮಾಡಿ ಕೊಟ್ಟೆಯಲ್ಲ. ಇನ್ನೊಮ್ಮೆ ನಿನ್ನ ಹೆಸರಿಗೆ ಮಾಡು" ಎಂದು ಫಾರ್ಮನ್ನೂ ಪೆನ್ನನ್ನೂ ನನ್ನ ಮುಂದೆ ಇಟ್ಟರು.

ಮೇಜಿನವನು ಗಾಬರಿಯಾಗಿ, "ಮ್ಯಾಡಮ್, ಅರ್ಧ ರಿಯಾಯಿತಿ ಹೋಗುತ್ತದೆ, ಇನ್ನೊಮ್ಮೆ ವಿಚಾರ ಮಾಡಿ" ಎಂದು ಹಿಂದಿಯಲ್ಲಿ ಹೇಳುತ್ತಲೇ ಇದ್ದ. ನಾನು ಶೋರೂಮಿನ ನಡುವೆ, ಅಷ್ಟು ಜನರೆದುರು, ನಾಚಿಕೆಬಿಟ್ಟು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಆ ಸಾಲಿನಲ್ಲಿ ನನ್ನ ಪೂರ್ತಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದೆ.

ಆ ವರ್ಷ 'ಮಾಲಕಿಯ ಬೋನಸ್' ಎಂಬಲ್ಲಿ ಸೊನ್ನೆ ಇತ್ತು. ನಾನು ಈಗಲೂ ಪ್ರತಿದಿನ ವಾಶಿಗೆ ಓಡಿಸಿಕೊಂಡು ಹೋಗುತ್ತೇನೆ, ಮೊಣಕಾಲು ಮಳೆಗಾಲದಲ್ಲಿ ಮಾತ್ರ ಗೊಣಗುತ್ತದೆ. ಕಳೆದ ವಾರ, ಒಂದೂ ಕ್ಲೇಮಿಲ್ಲದ ಐದನೇ ವರ್ಷದ ರಿನ್ಯೂವಲ್ ಕಾಗದ ಬಂತು, ನನ್ನ ಗಂಡ ಅದನ್ನು ಒಡೆದು, ಕನ್ನಡಕ ಏರಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು: ನನ್ನ ಹೆಸರು, ಅದರ ಎದುರು ಅರ್ಧ.